ಕೆರೆಯ ಹನ್ನೆರಡು ಅಂಗಗಳೂ ಆರು ದೋಷಗಳೂ

ಕಡಪ ಜಿಲ್ಲೆಯ ಪೋರುಮಾಮಿಳ್ಳ ಎಂಬ ಊರಿನಲ್ಲಿ ಒಂದು ದೊಡ್ಡ ಕೆರೆಯುಂಟು. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನೂ, ಭವದೂರನೆಂಬ ಇನ್ನೊಂದು ಹೆಸರುಳ್ಳವನೂ ಆದ ಭಾಸ್ಕರನು ಅದನ್ನು ಕಟ್ಟಿಸಿ, ಶಾಲಿವಾಹನ ಶಕ ೧೨೯೧ರಲ್ಲಿ, ಎಂದರೆ ಕ್ರಿ.ಶ. ೧೩೬೯ರಲ್ಲಿ, ಸಂಸ್ಕೃತ ಶ್ಲೋಕಗಳ ಒಂದು ಶಾಸನವನ್ನು ಬರೆಯಿಸಿದನು. ಶಾಸನವೆಂದರೆ ವಂಶಾವಳಿ, ದಿಗ್ವಿಜಯ, ದಾನ, ಶಾಪ ಇಷ್ಟೇ ಎಂದು ತಿಳಿದವರಿಗೆ ಈ ಕಲ್ಲು ಆಶ್ಚರ್ಯವನ್ನುಂಟುಮಾಡುವುದು. ದಿನಕ್ಕೆ ಸಾವಿರ ಮಂದಿ ಕೂಲಿಗಳು ಎರಡು ವರ್ಷಗಳ ಕಾಲ ಆ ಏರಿಯ ಮೇಲೆ ದುಡಿದರೆಂದೂ, ಕಲ್ಲು ಸಾಗಿಸುವುದಕ್ಕೆ ನೂರು ಬಂಡಿಗಳು ನಡೆದವೆಂದೂ ಅದು ಲೆಕ್ಕ ಕೊಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಸಾಧನಗಳನ್ನೂ, ಇರಬಾರದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಆರುನೂರ ಐವತ್ತು ವರ್ಷಗಳ ಹಿಂದಿನ ಈ ಪಟ್ಟಿಯನ್ನು ಈಗ ಮತ್ತೆ ತೆರೆದು ನೋಡಬೇಕಾದ ಕಾಲ ಬಂದಿದೆಯೆಂಬುದು ಈ ಲೇಖನದ ಅಭಿಪ್ರಾಯ.

ಭೂಮಿಯ ಉಷ್ಣತೆ ಏರುತ್ತಿರುವುದನ್ನೂ ಮಳೆಯ ಕ್ರಮ ಕೆಡುತ್ತಿರುವುದನ್ನೂ ವಾಚಕರು ಬಲ್ಲರು. ೨೦೧೫ರಲ್ಲಿ ಪ್ಯಾರಿಸ್ ನಗರದಲ್ಲಿ ರಾಷ್ಟ್ರಗಳು ಸೇರಿ ಈ ವಿಷಯದಲ್ಲಿ ಒಂದು ಒಪ್ಪಂದವನ್ನು ಮಾಡಿಕೊಂಡವು. ಅಂತಹ ಮಹಾಸಭೆಗಳಲ್ಲಿ ನಡೆಯುವ ಮಾತಿಗೂ ನಮ್ಮ ಜಿಲ್ಲೆಯ ಒಂದು ಗ್ರಾಮಪಂಚಾಯಿತಿಯ ಕಟ್ಟೆಯ ಮೇಲೆ ನಡೆಯುವ ಮಾತಿಗೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವಿದೆ. ಹೊಗೆಯನ್ನು ತಗ್ಗಿಸುವುದು ಲೋಕಕ್ಕೆಲ್ಲಾ ಸೇರಿದ ಕೆಲಸವಾದರೂ, ಕೆಟ್ಟ ಮಳೆಯನ್ನು ತಾಳಿಕೊಂಡು ಬೆಳೆಯುವುದು ಆಯಾ ಊರಿನ ಕೆಲಸ. ಊರು ಎಷ್ಟು ಬೆಳೆಯಬೇಕು, ಎಲ್ಲಿ ಬೆಳೆಯಬೇಕು, ಯಾವ ನೀರನ್ನು ನಂಬಿ ಬೆಳೆಯಬೇಕು ಎಂಬುದನ್ನು ಊರಿನವರೇ ಕೂಡಿ ಯೋಚಿಸಿದ ಚರಿತ್ರೆ ನಮ್ಮ ಬಯಲುಸೀಮೆಗೆ ಉಂಟು. ಆ ಚರಿತ್ರೆಯ ಹೆಸರೇ ಕೆರೆ.

ಮೊದಲು ಶಾಸನದ ಪಟ್ಟಿಯನ್ನು ನೋಡೋಣ. ಧರ್ಮವಂತನೂ ಧನವಂತನೂ ಆದ ರಾಜನು, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣನು, ಗಟ್ಟಿಯಾದ ಮಣ್ಣಿನ ನೆಲ, ಮೂರು ಯೋಜನ ದೂರದಿಂದ ಹರಿದುಬರುವ ಸಿಹಿನೀರಿನ ಹೊಳೆ, ಆ ಹೊಳೆಗೆ ತಾಗಿದ ಬೆಟ್ಟ, ಬೆಟ್ಟದ ಎರಡು ಭಾಗಗಳ ನಡುವೆ ಹೆಚ್ಚು ಉದ್ದವಲ್ಲದ, ಒತ್ತಾಗಿ ಕಲ್ಲು ಕಟ್ಟಿದ ಏರಿ, ಏರಿಯ ಎರಡು ತುದಿಗಳಲ್ಲಿಯೂ ಫಲಭೂಮಿ ಇಲ್ಲದಿರುವುದು, ವಿಸ್ತಾರವಾಗಿಯೂ ಆಳವಾಗಿಯೂ ಇರುವ ಅಂಗಳ, ನೀಳವಾದ ಕಲ್ಲುಗಳು ದೊರೆಯುವ ಗಣಿ, ಸಮತಟ್ಟಾದ ಫಲವತ್ತಾದ ಹೊಲಗಳು, ಬೆಟ್ಟದ ನಿಲುವಿನಿಂದ ಸುಳಿಗೊಂಡು ರಭಸವಾಗಿ ಹರಿಯುವ ಜಲಮಾರ್ಗ, ಕಟ್ಟುವ ವಿದ್ಯೆಯಲ್ಲಿ ನುರಿತವರ ಸಮೂಹ, ಇವು ಹನ್ನೆರಡು. ದೋಷಗಳಾದರೋ ಇವು: ಏರಿಯಿಂದ ನೀರು ಜಿನುಗುವುದು, ಸೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ನೀರು ಸ್ವಲ್ಪ, ಅಚ್ಚುಕಟ್ಟು ಬಹಳವಾಗಿರುವುದು, ಅಚ್ಚುಕಟ್ಟು ಸ್ವಲ್ಪ, ನೀರು ಬಹಳವಾಗಿರುವುದು.

ಕಡೆಯ ಎರಡು ದೋಷಗಳಲ್ಲಿ ಒಂದು ದೊಡ್ಡ ತತ್ತ್ವವೇ ಅಡಗಿದೆ. ನೀರಿಗೂ ಆಸೆಗೂ ಅಳತೆ ಹೊಂದಬೇಕು. ಹೊಂದದಿದ್ದರೆ ಕೆರೆಯನ್ನು ಎಷ್ಟು ಭದ್ರವಾಗಿ ಕಟ್ಟಿದರೂ ಅದು ದುಷ್ಟವಾದ ಕೆರೆಯೇ ಸರಿ. ಬಾಳಿಕೆಯುಳ್ಳ ಬೆಳವಣಿಗೆ ಎಂದು ಈಗಿನವರು ಹೇಳುವ ಮಾತಿಗೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಚೊಕ್ಕವಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

ಕೆರೆಯನ್ನು ಕಟ್ಟುವುದು ನಮ್ಮ ಪೂರ್ವಿಕರಿಗೆ ಪುಣ್ಯಕಾರ್ಯವಾಗಿದ್ದಿತು. ಮಗ, ದೇವಾಲಯ, ಅಗ್ರಹಾರ, ಉಪವನ, ನಿಧಿ, ಕಾವ್ಯ ಇವುಗಳೊಡನೆ ಕೆರೆಯನ್ನೂ ಸೇರಿಸಿ ಸಪ್ತಸಂತಾನಗಳೆಂದು ಎಣಿಸಿದರು. ನಮ್ಮ ನಾಡಿನ ಅತಿ ಪುರಾತನ ಶಾಸನಗಳಲ್ಲೊಂದಾದ ಚಂದ್ರವಳ್ಳಿಯ ಬಂಡೆಯ ಬರಹದಲ್ಲಿ ಕದಂಬ ಮಯೂರಶರ್ಮನ ಹೆಸರು ಒಂದು ಕೆರೆಯೊಡನೆಯೇ ಕೂಡಿಕೊಂಡು ಬರುತ್ತದೆ. ತಾಳಗುಂದದ ಸ್ತಂಭದ ಮೇಲೆ ಕುಬ್ಜನೆಂಬ ಕವಿಯು ರಚಿಸಿದ ಶಾಸನವೂ ಕಾಕುತ್ಸ್ಥವರ್ಮನು ಕಟ್ಟಿಸಿದ ಕೆರೆಯನ್ನು ಹೇಳುವುದಕ್ಕಾಗಿಯೇ ಹುಟ್ಟಿದುದು. ವಿಜಯನಗರದ ದೇವರಾಯನ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ, ಕೆರೆ ಬಾವಿಗಳನ್ನು ಮಾಡಿಸಬೇಕೆಂಬ ಉಪದೇಶವನ್ನು ತಾಯಿಯು ಹಾಲೂಡಿಸುವಾಗಲೇ ಮಗುವಿನ ಕಿವಿಯಲ್ಲಿ ಹೇಳಿದಳೆಂದಿದೆ.

ಆದರೆ ಪುಣ್ಯವೊಂದರಿಂದಲೇ ಕೆರೆ ನಿಲ್ಲುವುದಿಲ್ಲವೆಂಬುದನ್ನೂ ಹಿಂದಿನವರು ತಿಳಿದಿದ್ದರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ತಕ್ಕ ವಿಧಿಗಳಿವೆ. ಹೊಸದಾಗಿ ಕೆರೆ ಕಟ್ಟೆಗಳನ್ನು ಮಾಡಿದವರಿಗೆ ಐದು ವರ್ಷ, ಒಡೆದು ಬಿಟ್ಟುಹೋದುದನ್ನು ಸರಿಪಡಿಸಿದವರಿಗೆ ನಾಲ್ಕು ವರ್ಷ, ಕಳೆ ಬೆಳೆದುದನ್ನು ಶುದ್ಧಿಮಾಡಿದವರಿಗೆ ಮೂರು ವರ್ಷ ತೆರಿಗೆಯ ವಿನಾಯಿತಿ. ಕೂಡಿ ಕಟ್ಟುವ ಕೆಲಸದಿಂದ ಹಿಂಜರಿದವನು ತನ್ನ ಆಳುಗಳನ್ನೂ ಎತ್ತುಗಳನ್ನೂ ಕಳುಹಿಸಬೇಕು, ವೆಚ್ಚದಲ್ಲಿ ಪಾಲು ಕೊಡಬೇಕು. ಫಲದಲ್ಲಿ ಮಾತ್ರ ಅವನಿಗೆ ಪಾಲಿಲ್ಲ. ಹೊಸದನ್ನು ಕಟ್ಟುವುದಕ್ಕೆ ಮಾತ್ರವಲ್ಲದೆ ಹಳೆಯದನ್ನು ಉಳಿಸುವುದಕ್ಕೂ ಪ್ರತಿಫಲವನ್ನಿಟ್ಟಿರುವುದನ್ನು ಇಲ್ಲಿ ಗಮನಿಸಬೇಕು. ಇಂದಿನ ಯೋಜನೆಗಳಲ್ಲಿ ಉದ್ಘಾಟನೆಗೆ ಇರುವ ಗೌರವ ದುರಸ್ತಿಗೆ ಇಲ್ಲ.

ದುರಸ್ತಿಯ ಮಹಿಮೆಯನ್ನು ತಿಳಿಯಬೇಕಾದರೆ ಸೌರಾಷ್ಟ್ರದ ಗಿರಿನಾರದ ಬಂಡೆಯನ್ನು ನೆನೆಯಬೇಕು. ಚಂದ್ರಗುಪ್ತ ಮೌರ್ಯನ ಅಧಿಕಾರಿಯಾದ ಪುಷ್ಯಗುಪ್ತನು ಅಲ್ಲಿ ಸುದರ್ಶನವೆಂಬ ಸರೋವರವನ್ನು ಕಟ್ಟಿದನು. ಅಶೋಕನ ಕಾಲದಲ್ಲಿ ಅದಕ್ಕೆ ಕಾಲುವೆಗಳಾದವು. ಕ್ರಿ.ಶ. ೧೫೦ರ ಸುಮಾರಿನಲ್ಲಿ ಒಂದು ಭಯಂಕರವಾದ ಬಿರುಗಾಳಿ ಮಳೆಗೆ ಏರಿಯು ೪೨೦ ಮೊಳದಷ್ಟು ಒಡೆದುಹೋಯಿತು. ಮಂತ್ರಿಗಳು ಕೆಲಸದ ಅಗಾಧತೆಯನ್ನು ಕಂಡು ಕೈಚೆಲ್ಲಿದರು; ಪ್ರಜೆಗಳು ಗೋಳಾಡಿದರು. ಆಗ ಕ್ಷತ್ರಪ ರುದ್ರದಾಮನು ಸುವಿಶಾಖನೆಂಬ ಅಧಿಕಾರಿಯ ಮೂಲಕ ಅದನ್ನು ಮತ್ತೆ ಕಟ್ಟಿಸಿದನು. ಅದಕ್ಕಾಗಿ ಪ್ರಜೆಗಳ ಮೇಲೆ ತೆರಿಗೆಯನ್ನಾಗಲಿ ಬಿಟ್ಟಿಯನ್ನಾಗಲಿ ಹೇರಲಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡನು. ಮುನ್ನೂರು ವರ್ಷಗಳ ಮೇಲೆ, ಸ್ಕಂದಗುಪ್ತನ ಕಾಲದಲ್ಲಿ, ಅದು ಮತ್ತೊಮ್ಮೆ ಒಡೆದಾಗ ಚಕ್ರಪಾಲಿತನು ಕಟ್ಟಿಸಿದನು. ವಂಶಗಳು ಅಳಿದವು, ಮತಗಳು ಬದಲಾದವು. ಕೆರೆಯೊಂದನ್ನು ಎಂಟುನೂರು ವರ್ಷಗಳ ಕಾಲ ಮನುಷ್ಯರು ಕೈಯಿಂದ ಕೈಗೆ ದಾಟಿಸಿದರು.

ನಮ್ಮ ಸೀಮೆಯಲ್ಲಿ ಆ ದಾಟಿಸುವ ಕೆಲಸ ರಾಜರಿಗಿಂತ ಹೆಚ್ಚಾಗಿ ಊರುಗಳಿಂದ ನಡೆಯಿತು. ಕೋಲಾರದ ಸೀಮೆಗೆ ವರ್ಷವೆಲ್ಲಾ ಹರಿಯುವ ನದಿಯಿಲ್ಲ. ಪಾಲಾರ್, ಪಿನಾಕಿನಿ ಮೊದಲಾದವು ಇತ್ತಕಡೆಯ ಎತ್ತರದ ನೆಲದಲ್ಲಿಯೇ ಹುಟ್ಟಿ, ದೊಡ್ಡವಾಗುವ ಮೊದಲೇ ಗಡಿಯನ್ನು ದಾಟುತ್ತವೆ. ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರು, ಎಂದರೆ ೨೮ ಅಂಗುಲದಷ್ಟು ಮಳೆ. ಅದೂ ಕೆಲವೇ ದಿನಗಳಲ್ಲಿ ಸುರಿದು ಮುಗಿಯುವಂಥದು. ಇಂತಹ ನೆಲದಲ್ಲಿ ಒಂದೊಂದು ಹಳ್ಳಕ್ಕೂ ಅಡ್ಡಲಾಗಿ ಮೆಟ್ಟಿಲು ಮೆಟ್ಟಿಲಾಗಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಎಂಬ ಆಂಗ್ಲರು ೧೮೬೦ರ ದಶಕದಲ್ಲಿ ಪರಿಶೀಲಿಸಿ, ಸಂಸ್ಥಾನದ ೨೭,೨೬೯ ಚದರ ಮೈಲಿಗಳಲ್ಲಿ ನೂರಕ್ಕೆ ಅರವತ್ತರಷ್ಟು ನೆಲ ಕೆರೆಗಳ ಕ್ರಮಕ್ಕೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದೂ ಬರೆದರು.

ಈ ಕೆರೆಗಳನ್ನು ನಡೆಸಿದ ಏರ್ಪಾಡು ನಮ್ಮ ಭಾಷೆಯ ಶಬ್ದಗಳಲ್ಲಿಯೇ ಉಳಿದಿದೆ. ಕೆರೆಯನ್ನು ಕಟ್ಟಿದವರಿಗೂ ಕಾಯ್ದವರಿಗೂ ಬಿಟ್ಟ ಭೂಮಿ ಕಟ್ಟುಕೊಡಗೆ. ಕೆರೆಯ ಕೆಳಗಿನ ಗದ್ದೆಯ ಪಾಲು ಬಿತ್ತುವಟ್ಟ. ಹತ್ತರಲ್ಲೊಂದು ಪಾಲು ದಸವಂದ. ಹೂಳನ್ನೂ ಮಣ್ಣನ್ನೂ ಹೊರುವುದಕ್ಕೆಂದೇ ಕೆರೆಬಂಡಿಗಳನ್ನಿಟ್ಟು, ಅವುಗಳ ಎತ್ತುಕೋಣಗಳಿಗೂ ಆಳುಗಳಿಗೂ ದತ್ತಿ ಬಿಟ್ಟ ಶಾಸನಗಳಿವೆ. ಬೇಸಗೆಯಲ್ಲಿ ರೈತರು ಕೆರೆಯ ಗೋಡನ್ನು ತೆಗೆದು ಹೊಲಕ್ಕೆ ಹೊಡೆದರೆ ಕೆರೆಗೆ ಆಳ, ಹೊಲಕ್ಕೆ ಸಾರ. ತೂಬನ್ನು ತೆಗೆಯುವವನೂ ಮುಚ್ಚುವವನೂ ನೀರಗಂಟಿ. ತಲೆಯ ಗದ್ದೆಗೂ ಬಾಲದ ಗದ್ದೆಗೂ ನೀರು ಮುಟ್ಟಿಸುವ ಹೊಣೆ ಅವನದು. ಕೆರೆ ತುಂಬದ ವರ್ಷ, ಇರುವ ನೀರಿಗೆ ಅಚ್ಚುಕಟ್ಟಿನ ಎಷ್ಟು ಭಾಗ ನೆಡಬಹುದೆಂದು ಊರಿನವರು ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದರು. ನೀರನ್ನು ನೋಡಿ ಬೆಳೆಯನ್ನು ಗೊತ್ತುಮಾಡಿದರೇ ಹೊರತು, ಬೆಳೆಯನ್ನು ಗೊತ್ತುಮಾಡಿ ನೀರನ್ನು ಹುಡುಕಲು ಹೊರಡಲಿಲ್ಲ.

ಇಷ್ಟನ್ನು ಹೇಳಿ, ಹಿಂದಿನ ಕಾಲವೆಲ್ಲಾ ಕೃತಯುಗವಾಗಿತ್ತೆಂದು ಸಾಧಿಸಿದರೆ ಅದು ಚರಿತ್ರೆಯಾಗದು. ಎಲ್ಲರ ಗದ್ದೆಗೂ ನೀರು ಹಾಯಿಸುತ್ತಿದ್ದ ನೀರಗಂಟಿಯು ಬಹುಕಡೆಗಳಲ್ಲಿ ಅಸ್ಪೃಶ್ಯನೆನಿಸಿಕೊಂಡ ಜಾತಿಯವನು. ತಾನು ಕಾಯ್ದ ನೀರನ್ನು ಊರಿನ ಸೋಪಾನದಲ್ಲಿ ಇಳಿದು ಮುಟ್ಟುವ ಅಧಿಕಾರ ಅವನಿಗಿರಲಿಲ್ಲ. ಕೂಡುಕೆಲಸವೆಂಬುದು ಎಷ್ಟೋ ವೇಳೆ ಬಡವರ ಬಿಟ್ಟಿಯೇ ಆಗಿತ್ತು. ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತವನ್ನು ಕೇಳದ ಮನೆ ವಿರಳ. ಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ನಿಲ್ಲದಿರಲು, ಆಹುತಿಯಾದವಳು ಗೌಡನಲ್ಲ, ಅವನ ಹಿರಿಯ ಸೊಸೆಯಂದಿರೂ ಅಲ್ಲ; ಮನೆಯಲ್ಲಿ ಎಲ್ಲರಿಗಿಂತ ಬಲಹೀನಳಾದ ಕಿರಿಯ ಸೊಸೆ ಭಾಗೀರಥಿ. ಊರಿನ ಏಳಿಗೆಯ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ಆ ಹಾಡು ಅಂದೇ ಕೇಳಿದೆ. ಇಂದಿನ ಯಾವ ಯೋಜನೆಯಾದರೂ ಮೊದಲು ಉತ್ತರ ಕೊಡಬೇಕಾದುದು ಆ ಪ್ರಶ್ನೆಗೆ.

ಕೆರೆಗಳಿದ್ದೂ ಕ್ಷಾಮ ಬಂದುದುಂಟು. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮದ ಕಥೆ ಅದೇ. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷಕ್ಕೆ ಮಿಕ್ಕಿದ್ದಿತು. ೧೮೮೧ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿಯಿತು. ಮಳೆ ಮೇಲಿಂದ ಮೇಲೆ ತಪ್ಪಿದರೆ ಕೆರೆಯೊಂದೇ ಕಾಪಾಡಲಾರದೆಂಬುದು ಇದರ ಒಂದು ಪಾಠ. ಇನ್ನೊಂದು ಪಾಠವೂ ಉಂಟು. ಕೆರೆಯ ಒಡೆತನವನ್ನು ಸರ್ಕಾರ ಹಿಡಿದುಕೊಂಡು, ದುರಸ್ತಿಯ ಹೊಣೆಯನ್ನು ಅತ್ತ ಇಲಾಖೆಗಳಿಗೂ ಇತ್ತ ರೈತರಿಗೂ ಹಂಚಿದುದರಿಂದ, ಕಡೆಗೆ ಅದು ಯಾರ ಹೊಣೆಯೂ ಅಲ್ಲವಾಗುತ್ತ ಬಂದಿತು. ೧೯೧೧ರಲ್ಲಿ ಮೈಸೂರು ಸರ್ಕಾರವು ಕೆರೆ ಪಂಚಾಯಿತಿಗಳ ಕಾನೂನನ್ನು ಮಾಡಿ ಊರಿನವರಿಗೆ ಆ ಹೊಣೆಯನ್ನು ಮರಳಿ ಒಪ್ಪಿಸಲು ನೋಡಿತು. ಆದರೆ ಹೊಣೆಯನ್ನು ಕೊಟ್ಟಷ್ಟು ಸುಲಭವಾಗಿ ಹಣವನ್ನೂ ಅಧಿಕಾರವನ್ನೂ ಯಾವ ಸರ್ಕಾರವೂ ಕೊಡುವುದಿಲ್ಲ. ಕನ್ನಂಬಾಡಿಯಂತಹ ಮಹಾಕಟ್ಟೆಗಳ ಕಾಲ ಅದು. ಸಣ್ಣ ಕೆರೆಗಳು ಕಣ್ಮರೆಗೆ ಸರಿದವು.

ಸ್ವಾತಂತ್ರ್ಯ ಬಂದಮೇಲೆ ೧೯೬೧ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಹುಟ್ಟಿನಿಂದ ಬರುವ ಊಳಿಗವೂ ಹುಟ್ಟಿನಿಂದ ಬರುವ ಅಧಿಕಾರವೂ ಹೋದುದು ನ್ಯಾಯವೇ. ಆದರೆ ತೂಬಿನ ಬಳಿ ನಿಲ್ಲುವುದಕ್ಕೆ ಅವರ ಬದಲು ಯಾರನ್ನೂ ಸಂಬಳಕ್ಕೆ ಇಡಲಿಲ್ಲ. ಅಷ್ಟರಲ್ಲಿ ಕೊಳವೆಬಾವಿ ಬಂದಿತು. ನೆಲದಡಿಯ ನೀರು ಕಣ್ಣಿಗೆ ಕಾಣದುದರಿಂದ ಅದಕ್ಕೆ ಕೋಡಿಯಿಲ್ಲ, ತೂಬಿಲ್ಲ, ನೀರಗಂಟಿಯಿಲ್ಲ. ಯಾರ ಯಂತ್ರ ಆಳಕ್ಕೆ ಇಳಿಯುವುದೋ ಅವರದೇ ನೀರು. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿಗೂ ಮಿಕ್ಕಿ ಕೊರೆದ ಬಾವಿಗಳಿವೆ. ಅಷ್ಟು ಆಳದಿಂದ ಬಂದ ನೀರಿನಲ್ಲಿ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡು ಎಷ್ಟೋ ಊರುಗಳಲ್ಲಿ ಸೇರಿದೆ. ಕೆರೆಗೆ ನೀರು ಹರಿಸುತ್ತಿದ್ದ ಗೋಮಾಳಗಳೂ ಹೊಲಗಳೂ ನೀಲಗಿರಿ ತೋಪುಗಳಾದವು. ೨೦೧೭ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಬಹಳ ತಡವಾಗಿದ್ದಿತು.

ಇದಕ್ಕೆ ಮೇಲಾಗಿ ಬಂದುದು ಹವಾಗುಣದ ಮಾರ್ಪಾಟು. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುವುದೆಂದು ಭೌತಶಾಸ್ತ್ರಜ್ಞರು ಹೇಳುತ್ತಾರೆ. ಆದಕಾರಣ ಬಿಸಿಯಾದ ಲೋಕದಲ್ಲಿ ನೆಲ ಬೇಗ ಒಣಗುವುದು, ಮಳೆ ಬಂದರೆ ಒಮ್ಮೆಗೇ ಧೋ ಎಂದು ಸುರಿಯುವುದು. ಎರಡೂ ಒಂದೇ ಕಾರಣದ ಫಲಗಳು. ೨೦೨೧ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಕಾಲವಲ್ಲದ ಕಾಲದಲ್ಲಿ ಸುರಿದ ಮಳೆಗೆ, ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು, ರಾಗಿಯ ಪೈರು ನೆಲಕಚ್ಚಿತು. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ದೋಣಿ ನಡೆದವು. ಮರುವರ್ಷವೇ, ೨೦೨೩ರಲ್ಲಿ, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸಾರಲ್ಪಟ್ಟವು. ಅತಿವೃಷ್ಟಿಯನ್ನು ಹಿಡಿದಿಟ್ಟು ಅನಾವೃಷ್ಟಿಗೆ ಕೊಡುವ ಸಾಧನ ಯಾವುದು? ಅದನ್ನು ನಮ್ಮ ಊರಿನ ಪಡುವಲಿಗೋ ಮೂಡಲಿಗೋ ಯಾರೋ ಕಟ್ಟಿಟ್ಟು ಹೋಗಿದ್ದಾರೆ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಇಪ್ಪತ್ತು ವರ್ಷಗಳಿಗೂ ಹಿಂದೆ ನಾನು ಉಪಾಧ್ಯಾಯನಾಗಿದ್ದ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಆಟದ ಬಯಲಿರಲಿಲ್ಲ. ಕೆರೆಯ ಕೋಡಿಯ ಕೆಳಗೆ ಒಂದು ಒಣ ಹಳ್ಳ ಇದ್ದಿತು. ಅದರಲ್ಲಿ ಎಷ್ಟೋ ವರ್ಷ ನೀರು ಹರಿದಿರಲಿಲ್ಲ. ಅದನ್ನು ಮುಚ್ಚಿ ಬಯಲುಮಾಡಿಕೊಡಬೇಕೆಂದು ಗ್ರಾಮಸ್ಥರ ಪರವಾಗಿ ಅರ್ಜಿಯನ್ನು ಬರೆದುಕೊಟ್ಟವನು ನಾನೇ. ಗ್ರಾಮಸಭೆಯಲ್ಲಿ ಎಲ್ಲರೂ ಒಪ್ಪಿದರು. ಹಿಂದೆ ನೀರಗಂಟಿಯಾಗಿದ್ದ ಒಬ್ಬ ಮುದುಕರು ಮಾತ್ರ ಬಾಗಿಲ ಬಳಿ ನಿಂತುಕೊಂಡೇ, “ನೀರು ತನ್ನ ದಾರೀನ ಮರೆಯೋದಿಲ್ಲ, ಮೇಷ್ಟ್ರೇ” ಎಂದರು. ಅವರನ್ನು ಕುಳ್ಳಿರಿಸಿ ಕೇಳಬೇಕೆಂದು ಯಾರಿಗೂ ತೋರಲಿಲ್ಲ; ನನಗೂ ತೋರಲಿಲ್ಲ. ಪೋರುಮಾಮಿಳ್ಳದ ಶಾಸನ ನನಗೆ ಬಾಯಿಪಾಠವಾಗಿತ್ತು. ಜಲಶಾಸ್ತ್ರವನ್ನು ಬಲ್ಲವನೊಬ್ಬನು ಇರಬೇಕೆಂಬ ಎರಡನೆಯ ಸಾಧನ ನನ್ನ ಎದುರಿಗೇ ನಿಂತಿದೆಯೆಂದು ನಾನು ಅರಿಯದೆ ಹೋದೆನು.

ಬಯಲಾಯಿತು. ಬಯಲಿನ ಅಂಚಿಗೆ ಮನೆಗಳಾದವು. ೨೦೨೧ರ ನವೆಂಬರಿನಲ್ಲಿ ಕೆರೆ ಕೋಡಿ ಬಿದ್ದಾಗ ನೀರು ತನ್ನ ದಾರಿಯನ್ನು ಹುಡುಕಿ, ದಾರಿ ಕಾಣದೆ, ತಗ್ಗಿನಲ್ಲಿದ್ದ ಕೇರಿಯೊಳಗೆ ನುಗ್ಗಿತು. ಆ ಕೇರಿ ಆ ಮುದುಕರದು. ಅವರು ಅದಕ್ಕೆ ಮೊದಲೇ ತೀರಿಹೋಗಿದ್ದರು. ಪ್ರಾಣಹಾನಿಯಾಗಲಿಲ್ಲವೆಂಬುದೊಂದೇ ಸಮಾಧಾನ. ಸುದ್ದಿ ಕೇಳಿ ನಾನು ಹೋದಾಗ ಅವರ ಸೊಸೆ ನೆನೆದ ರಾಗಿಯನ್ನು ಶಾಲೆಯ ಜಗಲಿಯ ಮೇಲೆ ಹರಡುತ್ತಿದ್ದರು. ನನ್ನನ್ನು ಕಂಡು, “ಬನ್ನಿ ಮೇಷ್ಟ್ರೇ” ಎಂದು ಚಾಪೆ ಹಾಸಿದರು. ಆ ಚಾಪೆಯ ಮೇಲೆ ಕುಳಿತುಕೊಳ್ಳುವುದು ನನಗೆ ಬಹಳ ಕಷ್ಟವಾಯಿತು. ಹಾಡಿನ ಭಾಗೀರಥಿ ಒಮ್ಮೆ ಮಾತ್ರ ಕೆರೆಗೆ ಹಾರವಾದವಳಲ್ಲವೆಂದು ಅಂದು ತಿಳಿಯಿತು.

ಆದುದರಿಂದ ಆ ಆರು ದೋಷಗಳನ್ನು ಈಗಿನ ನಮ್ಮ ಊರುಗಳಿಗೆ ಹೊಂದಿಸಿ ಓದುವುದು ವಿಹಿತ. ಏರಿಯ ಜಿನುಗು ಮೊದಲನೆಯದು. ಏರಿಯ ಮೇಲೆ ಬೆಳೆದ ಜಾಲಿಯನ್ನೂ, ಬೇರುಗಳು ಮಾಡಿದ ಬಿಲಗಳನ್ನೂ ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ನಡೆದು ನೋಡುವವರು ಬೇಕು. ಅವರಿಗೆ ಜಾತಿಯ ಹೊಣೆಯಾಗಿ ಅಲ್ಲ, ಪಂಚಾಯಿತಿಯ ಗೌರವದ ಉದ್ಯೋಗವಾಗಿ ಸಂಬಳ ದೊರೆಯಬೇಕು. ಸೌಳು ನೆಲ ಎರಡನೆಯದು. ಅದನ್ನು ಈಗ ನೀರಿನ ಗುಣದ ಪರೀಕ್ಷೆಯೆಂದು ಓದಬೇಕು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ ೨೦೧೮ರಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೂ, ಅಲ್ಲಿಂದ ಜಿಲ್ಲೆಯ ಇತರ ಕೆರೆಗಳಿಗೂ ಹರಿಸತೊಡಗಿದರು. ದಿನಕ್ಕೆ ೪೪೦ ದಶಲಕ್ಷ ಲೀಟರು ಯೋಜನೆಯ ಗುರಿ. ಅದರಿಂದ ಬತ್ತಿದ ಬಾವಿಗಳಲ್ಲಿ ನೀರು ಏರಿದುದನ್ನು ಕಂಡವರಿದ್ದಾರೆ. ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂದು ಹೋರಾಡಿದವರೂ ಇದ್ದಾರೆ. ಇಬ್ಬರ ಮಾತೂ ಸುಳ್ಳಲ್ಲ. ಬಂದ ನೀರನ್ನು ಕೃತಜ್ಞತೆಯಿಂದ ಸ್ವೀಕರಿಸುವುದಕ್ಕೂ, ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ ಫಲವನ್ನು ಪಂಚಾಯಿತಿಯ ಹಲಗೆಯ ಮೇಲೆ ಬರೆಯಿಸುವುದಕ್ಕೂ ವಿರೋಧವಿಲ್ಲ.

ಗಡಿಯ ದೋಷ ಮೂರನೆಯದು. ೧೮೯೨ರ ಒಪ್ಪಂದದಿಂದ, ಮದರಾಸಿನ ಕಡೆಗೆ ಹರಿಯುವ ಹೊಳೆಗಳ ಮೇಲೆ ಹೊಸ ಕಟ್ಟೆಗಳಿಗೆ ಮೈಸೂರು ಸಂಸ್ಥಾನವು ಮೊದಲು ಅತ್ತಕಡೆಯ ಸರ್ಕಾರವನ್ನು ಕೇಳಬೇಕಾಯಿತು. ಎರಡು ರಾಜ್ಯಗಳ ಗಡಿಯಷ್ಟೇ ಕೆಟ್ಟದು ಎರಡು ಪಂಚಾಯಿತಿಗಳ ಗಡಿ, ಎರಡು ಇಲಾಖೆಗಳ ಗಡಿ. ಕೆರೆಗಳು ಸರಪಳಿಯಾಗಿರುವಾಗ ಯೋಜನೆ ಒಂದೊಂದು ಊರಿಗೆ ನಿಲ್ಲಬಾರದು. ಒಂದು ಹಳ್ಳದ ಊರುಗಳೆಲ್ಲಾ ಒಟ್ಟಿಗೆ ಕುಳಿತುಕೊಳ್ಳಬೇಕು. ನಾಲ್ಕನೆಯದು ಅಂಗಳದ ದಿಬ್ಬ. ಹಿಂದೆ ಅದು ಪ್ರಕೃತಿಯ ದೋಷವಾಗಿದ್ದಿತು. ಈಗ ಕೆರೆಯಂಗಳವನ್ನು ಒತ್ತಿ ಕಟ್ಟಿದ ಕಟ್ಟಡಗಳೂ, ಹೂಳೆತ್ತುವೆವೆಂದು ಹೇಳಿ ಹೂಳನ್ನು ಅಂಗಳದಲ್ಲಿಯೇ ರಾಶಿ ಹಾಕಿದ ಗುಡ್ಡೆಗಳೂ ನಾವೇ ಮಾಡಿದ ಆಮೆಬೆನ್ನುಗಳು.

ಐದನೆಯದು ನೀರು ಸ್ವಲ್ಪ, ಅಚ್ಚುಕಟ್ಟು ಬಹಳ ಎಂಬುದು. ಮಳೆಗಾಲ ಮುಗಿದೊಡನೆ ಊರಿನ ಕೆರೆಯಲ್ಲಿಯೂ ಬಾವಿಗಳಲ್ಲಿಯೂ ಎಷ್ಟು ನೀರಿದೆಯೆಂದು ಅಳೆದು, ಕುಡಿಯುವ ನೀರನ್ನೂ ದನಗಳ ನೀರನ್ನೂ ಮೊದಲು ಕಳೆದು, ಉಳಿದುದಕ್ಕೆ ತಕ್ಕ ಬೆಳೆಯನ್ನು ಗ್ರಾಮಸಭೆಯಲ್ಲಿ ಗೊತ್ತುಮಾಡುವುದು ಇದಕ್ಕೆ ಪರಿಹಾರ. ಹಣಕ್ಕೆ ಆಯವ್ಯಯ ಪತ್ರವಿರುವಂತೆ ನೀರಿಗೂ ಒಂದು ಇರಲಿ. ಹೊಸ ಬಡಾವಣೆಗೆ, ಹೊಸ ಕಾರ್ಖಾನೆಗೆ ಅನುಮತಿ ಕೇಳಿದವರಿಗೆ ಮೊದಲು ಆ ಪತ್ರವನ್ನು ತೋರಿಸಲಿ. ಆರನೆಯದು ನೀರು ಬಹಳ, ನೆಲ ಸ್ವಲ್ಪ ಎಂಬುದು; ಅದಕ್ಕೆ ಪರಿಹಾರ ಕೋಡಿಯನ್ನೂ ರಾಜಕಾಲುವೆಯನ್ನೂ ಅಳೆಯಿಸಿ, ಕಲ್ಲು ನೆಡಿಸಿ, ಅವು ಒಣಗಿರುವ ವರ್ಷಗಳಲ್ಲಿಯೂ ಕಾಯುವುದು.

ಇದಕ್ಕೆ ಅಧಿಕಾರವೆಲ್ಲಿದೆಯೆಂದು ಕೇಳಬಹುದು. ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯು ೧೯೯೩ರಲ್ಲಿ ಜಾರಿಗೆ ಬಂದು, ಸಣ್ಣ ನೀರಾವರಿಯನ್ನೂ ಜಲಾನಯನದ ಅಭಿವೃದ್ಧಿಯನ್ನೂ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ ವಿಷಯಗಳಲ್ಲಿ ಸೇರಿಸಿತು. ೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲಸಂವರ್ಧನೆಯ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಭೂಮಿಯಿಲ್ಲದವರಿಗೂ ಹೆಂಗಸರಿಗೂ ಅವುಗಳಲ್ಲಿ ಸ್ಥಾನವಿರಬೇಕೆಂಬ ಉದ್ದೇಶವಿದ್ದಿತು. ಹಣ ಬರುತ್ತಿದ್ದಷ್ಟು ದಿನ ನಡೆದು, ನಿಂತೊಡನೆ ಮಲಗಿದ ಸಂಘಗಳೂ ಉಂಟು. ಕೊರತೆಯಿರುವುದು ಕಾನೂನಿನಲ್ಲಲ್ಲ, ವರ್ಷವರ್ಷವೂ ಮಾಡುವ ಅಭ್ಯಾಸದಲ್ಲಿ. ಸುದರ್ಶನ ಸರೋವರವನ್ನು ಉಳಿಸಿದುದು ಮೊದಲು ಕಟ್ಟಿದವನಲ್ಲ, ಒಡೆದಾಗಲೆಲ್ಲಾ ಕಟ್ಟಿದವರು.

ಶಾಸನದ ಮೊದಲನೆಯ ಸಾಧನ ಧರ್ಮವಂತನಾದ ರಾಜನು. ರಾಜರ ಕಾಲ ಹೋಯಿತು. ಈಗ ಆ ಸ್ಥಾನದಲ್ಲಿರುವವರು ಗ್ರಾಮಸಭೆಗೆ ಬಂದು ಕುಳಿತುಕೊಳ್ಳುವ ನಾವೆಲ್ಲರೂ. ಎರಡನೆಯ ಸಾಧನವು ಬ್ರಾಹ್ಮಣನೆಂದು ಶಾಸನ ಹೇಳಿದರೂ, ನೀರನ್ನು ಬಲ್ಲವರಿಗೆ ಜಾತಿಯಿಲ್ಲವೆಂದು ನಾನು ತಡವಾಗಿ ಕಲಿತೆನು. ಆ ಹಳ್ಳಿಯಲ್ಲಿ ಈಗ ಮುಚ್ಚಿದ ಹಳ್ಳವನ್ನು ಮತ್ತೆ ತೆಗೆಯಿಸಬೇಕೆಂಬ ಮಾತು ನಡೆದಿದೆ. ಬಯಲು ಅರ್ಧ ಹೋಗುವುದು, ಮಕ್ಕಳಿಗೆ ಬೇರೆ ಜಾಗ ನೋಡಬೇಕು, ಕೆಲವರಿಗೆ ಅಸಮಾಧಾನವಿದೆ. ಈ ಸಲದ ಅರ್ಜಿಯನ್ನೂ ನನ್ನ ಕೈಯಿಂದಲೇ ಬರೆಯಿಸಿದರು. ಬರೆದ ಮೇಲೆ ಅದನ್ನು ಮೊದಲು ಆ ಕೇರಿಗೆ ತೆಗೆದುಕೊಂಡು ಹೋಗಿ, ಆ ಮುದುಕರ ಸೊಸೆಯ ಮುಂದೆ ಓದಿ ಹೇಳಿದೆನು. ಅವರು ಎಲ್ಲವನ್ನೂ ಕೇಳಿ, ಹಳ್ಳವು ತಿರುಗುವ ಒಂದು ಕಡೆಯಲ್ಲಿ ನಾನು ತಪ್ಪು ಬರೆದಿರುವೆನೆಂದು ತೋರಿಸಿದರು. ತಿದ್ದಿಕೊಂಡೆನು.